ಗಿಡ್ಡ ನಳಿಗೆಯ ರಿವಾಲ್ವರ್‌ಗೆ ಆತ್ಮರಕ್ಷಣೆಯ ತೋಟಾ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಆತ್ಮರಕ್ಷಣೆಗೆಂದು ಪರವಾನಗಿ ಪಡೆದು ರಿವಾಲ್ವರ್ ಕೊಂಡವರಲ್ಲಿ ಹೆಚ್ಚಿನವರು ಆಯುಧವನ್ನು ಆರಿಸಲು ತಿಂಗಳುಗಟ್ಟಲೆ ಯೋಚಿಸಿರುತ್ತಾರೆ; ಅದರೊಳಗೆ ಹಾಕುವ ತೋಟಾಗಳನ್ನು ಮಾತ್ರ ಅಂಗಡಿಯವರು ಕೊಟ್ಟ ಡಬ್ಬಿಯಿಂದ ತೆಗೆದು ಹಾಗೆಯೇ ತುಂಬಿಕೊಂಡಿರುತ್ತಾರೆ. ಪರವಾನಗಿದಾರ ಗೆಳೆಯರು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳನ್ನೂ ಅವರಿಗೆ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ತೋಟಾ ಮತ್ತು ಗುಂಡು ಎರಡೂ ಒಂದೇ ಅಲ್ಲವೇ?

ಅಲ್ಲ. ನಮ್ಮ ಪತ್ರಿಕೆಗಳು "ಆರು ಸಜೀವ ಗುಂಡುಗಳು ವಶ" ಎಂದು ಬರೆದು ಬರೆದು ಈ ಗೊಂದಲವನ್ನು ಬೆಳೆಸಿವೆ. ಹಿತ್ತಾಳೆಯ ಕೋಶ, ಅದರ ತಳದಲ್ಲಿರುವ, ಪೆಟ್ಟು ಬಿದ್ದಾಗ ಕಿಡಿ ಕೊಡುವ ಪ್ರೈಮರ್, ಒಳಗಿನ ಮದ್ದು ಮತ್ತು ಬಾಯಿಯಲ್ಲಿ ಬಿಗಿದು ಕೂರಿಸಿದ ಗುಂಡು, ಈ ನಾಲ್ಕೂ ಸೇರಿದರೆ ತೋಟಾ ಆಗುತ್ತದೆ. ನಳಿಗೆಯಿಂದ ಹೊರಗೆ ಹೋಗುವುದು ಗುಂಡು ಮಾತ್ರ. ಸಕಲೇಶಪುರದ ಕಡೆ ಕೋವಿ ಹಿಡಿದು ಬೆಳೆದ ನಮ್ಮ ತಂದೆಯವರು ತೋಟಾಕ್ಕೆ ಗುಂಡು ಎಂದವರನ್ನು ಅಲ್ಲೇ ತಿದ್ದುತ್ತಿದ್ದರು. ಆಗ ಅದು ಹಟ ಎನ್ನಿಸುತ್ತಿತ್ತು; ಈಗ ನಾನೂ ಅದನ್ನೇ ಮಾಡುತ್ತೇನೆ, ಏಕೆಂದರೆ ಮುಂದಿನ ಬಹುತೇಕ ಉತ್ತರಗಳು ಈ ವ್ಯತ್ಯಾಸದ ಮೇಲೆಯೇ ನಿಂತಿವೆ.

ಪ್ರಶ್ನೆ: ನನ್ನ ಪರವಾನಗಿಯಲ್ಲಿ .32 ಎಂದಷ್ಟೇ ಇದೆ. .32 ಎಂದು ಬರೆದ ಯಾವ ಡಬ್ಬಿಯನ್ನಾದರೂ ಕೊಳ್ಳಬಹುದೇ?

ದಯವಿಟ್ಟು ಹಾಗೆ ಮಾಡಬೇಡಿ. ನನ್ನ ದೃಷ್ಟಿಯಲ್ಲಿ ಈ ಪುಟದ ಅತಿ ಮುಖ್ಯವಾದ ಪ್ರಶ್ನೆ ಇದೇ.

.32 ಎಂಬುದು ಬೋರ್, ಅಂದರೆ ಗುಂಡು ಮತ್ತು ನಳಿಗೆಯ ದಪ್ಪವನ್ನು ಅಂಗುಲದ ಲೆಕ್ಕದಲ್ಲಿ ಸೂಚಿಸುವ ಅಂಕಿ. ನಮ್ಮಲ್ಲಿ .32 ಎಂದು ಕರೆಸಿಕೊಳ್ಳುವ ತೋಟಾಗಳು ಮುಖ್ಯವಾಗಿ ಎರಡು. ರಿವಾಲ್ವರ್‌ನದು .32 ಸ್ಮಿತ್ ಅಂಡ್ ವೆಸನ್ ಲಾಂಗ್. ಇದು 1896ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಕೋಶದ ಉದ್ದ ಸುಮಾರು 23.4 ಮಿಲಿಮೀಟರ್, ತಳದಲ್ಲಿ ಚೆನ್ನಾಗಿ ಹೊರಚಾಚಿದ ಅಂಚು ಇರುತ್ತದೆ. ಪಿಸ್ತೂಲಿನದು .32 ಎ.ಸಿ.ಪಿ., ಅಂದರೆ 7.65 ಮಿ.ಮೀ. ಬ್ರೌನಿಂಗ್. ಇದು 1899ರದು, ಕೋಶದ ಉದ್ದ ಸುಮಾರು 17.3 ಮಿಲಿಮೀಟರ್, ಅಂಚು ಬೆರಳಿಗೆ ಹತ್ತಿಯೂ ಹತ್ತದಷ್ಟು ಸಣ್ಣದು. ಎರಡರ ದಪ್ಪವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಪಿಸ್ತೂಲಿನ ತೋಟಾ ಕೆಲವು ರಿವಾಲ್ವರ್‌ಗಳ ಸಿಲಿಂಡರಿನೊಳಗೆ (ತೋಟಾ ತುಂಬುವ, ತಿರುಗುವ ಉರುಳೆಯೊಳಗೆ) ಸಲೀಸಾಗಿ ಇಳಿದುಬಿಡುತ್ತದೆ, ಮತ್ತು ಅಪಾಯ ಇರುವುದೇ ಅಲ್ಲಿ. ಲಾಂಗ್ ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 15,000 ಪೌಂಡ್, ಎ.ಸಿ.ಪಿ.ಯದು 20,500 ಪೌಂಡ್. ಮೊದಲನೆಯ ಲೆಕ್ಕಕ್ಕೆ ಮಾಡಿದ ಸಿಲಿಂಡರಿನಲ್ಲಿ ಎರಡನೆಯದನ್ನು ಹಾರಿಸುವುದು ಲೋಹದ ತಾಳ್ಮೆಯನ್ನು ಪರೀಕ್ಷಿಸಿದಂತೆ.

ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಒಮ್ಮೆ ನಗರದ ಅಂಗಡಿಯೊಂದರಲ್ಲಿ ನನ್ನ ಪರವಾನಗಿ ನೋಡಿ, ಪುಸ್ತಕದಲ್ಲಿ ನಮೂದಿಸಿ, ರಸೀದಿ ಹರಿದು ಕೊಟ್ಟ ಡಬ್ಬಿಯನ್ನು ನಾನು ಮನೆಗೆ ತಂದು ತೆರೆದಾಗ ಒಳಗಿದ್ದದ್ದು ಪಿಸ್ತೂಲಿನ ತೋಟಾ. ಕಾಗದದ ಮಟ್ಟಿಗೆ ಎಲ್ಲವೂ ಸರಿಯಾಗಿತ್ತು, .32 ಎಂದರೆ .32. ಹಳೆಯ ತೋಟಾವೊಂದನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿದಾಗ ಹೊಸದು ಬೆರಳಿನ ಅರ್ಧ ಗೆಣ್ಣಿನಷ್ಟು ಗಿಡ್ಡವಾಗಿತ್ತು. ಮರುದಿನ ಹಿಂದಿರುಗಿಸಿದೆ. ಅಂದಿನಿಂದ ಡಬ್ಬಿಯ ಮೇಲಿನ ಬರಹವನ್ನು ನಂಬದೆ, ಅಂಗಡಿಯ ಮೇಜಿನ ಮೇಲೆಯೇ ಒಂದು ತೋಟಾವನ್ನು ತಲೆಕೆಳಗು ಮಾಡಿ ತಳದ ಮುದ್ರೆಯನ್ನು ಓದಿಯೇ ಹಣ ಕೊಡುತ್ತೇನೆ. ಆ ಮುದ್ರೆಯಲ್ಲಿ ಕೆ.ಎಫ್. ಎಂದಿದ್ದರೆ ಅದು ಪುಣೆಯ ಖಡಕಿ ಕಾರ್ಖಾನೆಯ ಗುರುತು. 1869ರಲ್ಲಿ ಆರಂಭವಾದ ಆ ಕಾರ್ಖಾನೆ 2021ರ ಅಕ್ಟೋಬರ್‌ನಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಅಡಿಯಲ್ಲಿದೆ.

ಪ್ರಶ್ನೆ: ಅಮೆರಿಕದವರು .38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾದ ಬಗ್ಗೆಯೇ ಮಾತನಾಡುತ್ತಾರೆ. ನಮಗೆ ಅದು ಏಕಿಲ್ಲ?

ನಮ್ಮ ಶಸ್ತ್ರಾಸ್ತ್ರ ನಿಯಮಗಳು ಸೇನೆ ಮತ್ತು ಪೊಲೀಸರು ಬಳಸುವ ತೋಟಾಗಳನ್ನು ತುಂಬಿ ಹಾರಿಸಬಹುದಾದ ಆಯುಧಗಳನ್ನು ಸಾಮಾನ್ಯ ನಾಗರಿಕರಿಂದ ದೂರ ಇಟ್ಟಿವೆ. .380, .455, ಸೇನೆ ಬಳಸುವ 9 ಮಿ.ಮೀ. ಮತ್ತು .45 ಈ ಪಟ್ಟಿಯಲ್ಲಿ ಬರುತ್ತವೆ. ಹೀಗಾಗಿ ಆತ್ಮರಕ್ಷಣೆಯ ಪರವಾನಗಿ ಎಂದರೆ ನಮ್ಮಲ್ಲಿ ಬಹುಮಟ್ಟಿಗೆ .32 ಎಂದೇ ಅರ್ಥ. ಕಾನ್ಪುರದಿಂದ 2014ರಲ್ಲಿ ಬಂದ ಅರ್ಧ ಕೆ.ಜಿ. ತೂಕದ ನಿರ್ಭೀಕ್ ರಿವಾಲ್ವರ್ ಆಗಲಿ, 2023ರಲ್ಲಿ ಬಂದ, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ಪ್ರಬಲ್ ಆಗಲಿ, ನಡುವೆ ಮಡಚಿ ತೆರೆಯುವ ಹಳೆಯ ಮಾದರಿಯಾಗಲಿ, ಎಲ್ಲವೂ ಈ ಬೋರ್‌ನವೇ. ಅಮೆರಿಕದ ವಿಡಿಯೊ ನೋಡಿ ತೋಟಾ ಹುಡುಕುತ್ತ ಹೊರಡುವ ಮೊದಲು ಇದನ್ನು ನೆನಪಿಡಬೇಕು.

ಪ್ರಶ್ನೆ: ನಳಿಗೆ ಗಿಡ್ಡವಾದರೆ ತೋಟಾದ ಆಯ್ಕೆ ಏಕೆ ಬದಲಾಗಬೇಕು?

ಮದ್ದು ಉರಿದು ಹುಟ್ಟುವ ಅನಿಲವು ಗುಂಡನ್ನು ತಳ್ಳುವುದು ಅದು ನಳಿಗೆಯೊಳಗೆ ಇರುವಷ್ಟು ಹೊತ್ತು ಮಾತ್ರ. ನಳಿಗೆ ಎರಡು, ಮೂರು ಅಂಗುಲಕ್ಕೆ ಮುಗಿದುಹೋದರೆ ಉಳಿದ ಮದ್ದು ಬಾಯಿಯ ಹೊರಗೆ ಬೆಂಕಿಯಾಗಿ, ಸದ್ದಾಗಿ ವ್ಯರ್ಥವಾಗುತ್ತದೆ. ಮೇಲಾಗಿ ರಿವಾಲ್ವರ್‌ನಲ್ಲಿ ಸಿಲಿಂಡರ್ ಮತ್ತು ನಳಿಗೆಯ ನಡುವೆ ಕೂದಲೆಳೆಯ ಸಂದು ಇರುತ್ತದೆ. ಅಲ್ಲಿಂದಲೂ ಒಂದಿಷ್ಟು ಅನಿಲ ಪಕ್ಕಕ್ಕೆ ಚಿಮ್ಮುತ್ತದೆ. (ಎಡಗೈ ಬೆರಳನ್ನು ಆ ಸಂದಿನ ಹತ್ತಿರ ಇಟ್ಟು ಹಾರಿಸಿದವರು ಎರಡನೇ ಬಾರಿ ಇಡುವುದಿಲ್ಲ.)

ತೋಟಾ ತಯಾರಕರು ಡಬ್ಬಿಯ ಮೇಲೆ ಅಚ್ಚುಹಾಕುವ ವೇಗ ಸಾಮಾನ್ಯವಾಗಿ ನಾಲ್ಕು ಅಂಗುಲದ ನಳಿಗೆಯಲ್ಲಿ ಅಳೆದದ್ದು. ಲಾಂಗ್ ತೋಟಾದ 98 ಗ್ರೇನ್, ಅಂದರೆ ಸುಮಾರು 6.35 ಗ್ರಾಂ ತೂಕದ ಸೀಸದ ಗುಂಡು ಅಂಥ ನಳಿಗೆಯಿಂದ ಸೆಕೆಂಡಿಗೆ ಸುಮಾರು 215 ಮೀಟರ್ ವೇಗದಲ್ಲಿ ಹೊರಡುತ್ತದೆ; ಅದರ ಶಕ್ತಿ ಹತ್ತಿರ ಹತ್ತಿರ 147 ಜೂಲ್. ಗಿಡ್ಡ ನಳಿಗೆಯಲ್ಲಿ ಅಷ್ಟೂ ಸಿಗದು. ಮೊದಲೇ ಮೆಲ್ಲಗಿನ ತೋಟಾ ಇನ್ನಷ್ಟು ಮೆಲ್ಲಗಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಗುಂಡಿನ ಆಕಾರವನ್ನು ಆರಿಸಬೇಕು.

ಪ್ರಶ್ನೆ: ಹಾಗಾದರೆ ಒಳಹೊಕ್ಕು ಅರಳುವ ಹಾಲೋ ಪಾಯಿಂಟ್ ಗುಂಡೇ ಉತ್ತಮವಲ್ಲವೇ?

ನೇರ ಉತ್ತರ ಹೇಳಬೇಕೆಂದರೆ, ಈ ಬೋರ್‌ನಲ್ಲಿ, ಈ ನಳಿಗೆಯಲ್ಲಿ, ಅಲ್ಲ.

ಮುಂಭಾಗದಲ್ಲಿ ಕುಳಿಯಿರುವ ಗುಂಡು ದೇಹವನ್ನು ತಾಕಿದಾಗ ಆ ಕುಳಿಯೊಳಗೆ ಒತ್ತಡ ತುಂಬಿ ಹೂವಿನಂತೆ ಅರಳಬೇಕು. ಅಗಲವಾದ ಗಾಯ ಮಾಡಬೇಕು, ಜೊತೆಗೆ ಬೇಗ ನಿಲ್ಲಬೇಕು. ಇದರ ಮೂಲದ ಹೆಸರು ನಮ್ಮ ದೇಶದ್ದೇ. 1890ರ ದಶಕದಲ್ಲಿ ಕೋಲ್ಕತ್ತದ ಬಳಿಯ ಡಮ್ ಡಮ್ ಶಸ್ತ್ರಾಗಾರದಲ್ಲಿ ಬ್ರಿಟಿಷರು ತುದಿಯಲ್ಲಿ ಸೀಸ ಕಾಣುವ ಗುಂಡುಗಳನ್ನು ತಯಾರಿಸಿದರು, ಮತ್ತು ಅರಳುವ ಗುಂಡುಗಳಿಗೆಲ್ಲ ಆ ಹೆಸರೇ ಅಂಟಿಕೊಂಡಿತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅವುಗಳ ಬಳಕೆಯನ್ನು ನಿಷೇಧಿಸಿತು. ಆ ನಿಷೇಧ ಯುದ್ಧಕ್ಕೆ ಸಂಬಂಧಪಟ್ಟದ್ದು, ಮನೆಯ ರಕ್ಷಣೆಗಲ್ಲ.

ಆದರೆ ಅರಳುವುದಕ್ಕೆ ವೇಗ ಬೇಕು. ವೇಗ ಸಾಲದಿದ್ದರೆ ಕುಳಿಯೊಳಗೆ ಬಟ್ಟೆಯ ನೂಲು ತುಂಬಿಕೊಂಡು ಗುಂಡು ಅರಳದೆ ಸಾಮಾನ್ಯ ಗುಂಡಿನಂತೆಯೇ ಸಾಗುತ್ತದೆ. ಇನ್ನೊಂದು ಸಾಧ್ಯತೆ ಇದಕ್ಕಿಂತ ಕೆಟ್ಟದ್ದು: ಹಗುರವಾದ ಗುಂಡು ಅರಳಿ, ಮುಖ್ಯ ಅಂಗಗಳನ್ನು ತಲುಪುವ ಮೊದಲೇ ನಿಂತುಬಿಡುತ್ತದೆ. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಆದದ್ದು ಇದೇ. ದರೋಡೆಕೋರನಿಗೆ ತಗುಲಿದ 9 ಮಿ.ಮೀ. ಗುಂಡೊಂದು ಹೃದಯದ ಸಮೀಪ ಬಂದು ನಿಂತುಹೋಯಿತು, ಅವನು ಹೋರಾಡುತ್ತಲೇ ಇದ್ದ, ಎಫ್‌.ಬಿ.ಐ.ನ ಇಬ್ಬರು ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅದರ ನಂತರ ಆ ಸಂಸ್ಥೆ ಮಾಂಸದ ಬದಲಿಗೆ ಜಿಲಾಟಿನ್ ಗಟ್ಟಿಗೆ ಗುಂಡು ಹಾರಿಸಿ ಪರೀಕ್ಷಿಸುವ ಪದ್ಧತಿಯನ್ನು ರೂಪಿಸಿತು. ಗುಂಡು ಕನಿಷ್ಠ 12 ಅಂಗುಲ ಒಳಹೋಗಬೇಕು, 18 ಅಂಗುಲ ದಾಟಬಾರದು ಎಂಬುದು ಅದರ ಅಳತೆಗೋಲು. ಅಮೆರಿಕದ ತಯಾರಕರು .38 ಸ್ಪೆಷಲ್‌ನಲ್ಲಿ ಗಿಡ್ಡ ನಳಿಗೆಗೆಂದೇ ವಿಶೇಷ ಗುಂಡುಗಳನ್ನು ಮಾಡಿದ್ದಾರೆ. ಸ್ಪೀರ್ ಕಂಪನಿಯ 135 ಗ್ರೇನಿನ ಗೋಲ್ಡ್ ಡಾಟ್ ಅವುಗಳಲ್ಲಿ ಪ್ರಸಿದ್ಧವಾದದ್ದು. .32 ಲಾಂಗ್‌ನ ಮೆಲ್ಲಗಿನ ವೇಗದಲ್ಲಿ ಅರಳುವಿಕೆಯನ್ನು ನೆಚ್ಚಿಕೊಳ್ಳುವುದು ಮಳೆ ಬಾರದೆಂದು ನಂಬಿ ಕೊಡೆ ಮಾರಿದಂತೆ. ಅರಳುವಿಕೆ ಮತ್ತು ಆಳ ಎರಡೂ ಸಿಗದಿದ್ದಾಗ ಆಳವನ್ನೇ ಆರಿಸಬೇಕು.

ಪ್ರಶ್ನೆ: ಹಾಗಾದರೆ ಯಾವ ಆಕಾರದ ಗುಂಡು ಸೂಕ್ತ?

ನಮ್ಮ ಅಂಗಡಿಗಳಲ್ಲಿ ರಿವಾಲ್ವರ್‌ಗೆ ಸಾಮಾನ್ಯವಾಗಿ ಸಿಗುವುದು ಮೂತಿ ದುಂಡಾದ ಗುಂಡು. ಅದು ನೇರವಾಗಿ ಸಾಗುತ್ತದೆ, ಬೇಕಾದಷ್ಟು ಆಳಕ್ಕೂ ಹೋಗುತ್ತದೆ, ಸಿಲಿಂಡರಿನೊಳಗೆ ತಡವರಿಸದೆ ಇಳಿಯುತ್ತದೆ. ಆದರೆ ಮಾಂಸವನ್ನು ಕತ್ತರಿಸುವ ಬದಲು ಪಕ್ಕಕ್ಕೆ ಸರಿಸಿಕೊಂಡು ಹೋಗುತ್ತದೆ.

ವ್ಯಾಡ್‌ಕಟರ್ ಎಂಬ ಇನ್ನೊಂದು ಬಗೆಯಿದೆ. ಅದರ ಮುಂಭಾಗ ಕೊಯ್ದಿಟ್ಟ ಸೀಮೆಸುಣ್ಣದ ತುಂಡಿನಂತೆ ಚಪ್ಪಟೆ. ಕಾಗದದ ಗುರಿಗೆ ಹಾರಿಸಿದರೆ ಪಂಚಿಂಗ್ ಮಷೀನಿನಿಂದ ಒತ್ತಿದಂತೆ ದುಂಡನೆಯ ತೂತು ಮೂಡುತ್ತದೆ, ಆದ್ದರಿಂದಲೇ 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಯವರು ಅದನ್ನು ಬಳಸುತ್ತಾರೆ. ಅರಳುವ ಗೊಡವೆ ಇಲ್ಲದೆ ಕತ್ತರಿಸಿಕೊಂಡು ಒಳಹೋಗುವ ಈ ಗುಂಡನ್ನು ಅಮೆರಿಕದಲ್ಲೂ ಎರಡು ಅಂಗುಲದ .38ಗೆ ಅನೇಕ ಅನುಭವಿಗಳು ಮೆಚ್ಚುತ್ತಾರೆ, ಹಿಂದಕ್ಕೆ ಒದೆಯುವುದೂ ಕಡಿಮೆ. ಒಂದು ಕೊರತೆಯೆಂದರೆ, ಚಪ್ಪಟೆ ಮೂತಿಯು ಸಿಲಿಂಡರಿನಲ್ಲಿ ತೋಟಾ ಕೂರುವ ತೂತಾದ ಚೇಂಬರ್‌ನ ಬಾಯಿಗೆ ತಗುಲುವುದರಿಂದ ಅವಸರದಲ್ಲಿ ಮರುತುಂಬಿಸುವುದು ಕಷ್ಟ. ನಮ್ಮಲ್ಲಿ ಇದು ಮುಖ್ಯವಾಗಿ ಸ್ಪರ್ಧೆಯ ಶೂಟರ್‌ಗಳ ಸರಕು. ಪರವಾನಗಿಗೆ ಒಪ್ಪುವಂತೆ, ಅಧಿಕೃತ ಅಂಗಡಿಯಲ್ಲಿ, ನಿಮ್ಮ ರಿವಾಲ್ವರ್‌ನ ಅಳತೆಗೇ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಸಿಗದಿದ್ದರೆ ಹೊಸ ತಯಾರಿಕೆಯ ದುಂಡು ಮೂತಿಯ ಗುಂಡಿನಲ್ಲಿ ನನಗೆ ಅಸಮಾಧಾನವಿಲ್ಲ.

ಪ್ರಶ್ನೆ: .32ಗೆ ಶಕ್ತಿ ಸಾಲದು ಎನ್ನುತ್ತಾರೆ. ನಿಜವೇ?

.38 ಸ್ಪೆಷಲ್‌ನ ಸಾಮಾನ್ಯ 158 ಗ್ರೇನಿನ ಗುಂಡಿನ ಶಕ್ತಿ ಸುಮಾರು 270 ಜೂಲ್, ಅಂದರೆ ಲಾಂಗ್‌ನ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ. ಹಾಗಾಗಿ ಮಾತು ಸುಳ್ಳಲ್ಲ. ಆದರೆ .32ನ ಮೆದುತನವೇ ಅದರ ಗುಣವೂ ಹೌದು: ಹಗುರ ರಿವಾಲ್ವರ್‌ನಲ್ಲಿ ಎರಡನೇ ಈಡು ಹಾರಿಸುವ ಹೊತ್ತಿಗೆ ಗುರಿ ಮತ್ತೆ ಕಣ್ಣಿಗೆ ಸಿಕ್ಕಿರುತ್ತದೆ. ತಗುಲಿದ .32 ಗುಂಡು ತಪ್ಪಿಹೋದ .38 ಗುಂಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ಹೆಚ್ಚು ಮದ್ದು ತುಂಬಿದ ತೋಟಾವನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?

ಬೇಡ. ಅದಕ್ಕೆ ಪ್ರತ್ಯೇಕ ಅನುಮತಿ ಬೇಕು, ಇಲ್ಲದಿದ್ದರೆ ಅದೇ ಒಂದು ಅಪರಾಧ; ಸಿಲಿಂಡರ್ ಸೀಳಿದರೆ ಮೊದಲು ಹೋಗುವುದು ನಿಮ್ಮ ಬೆರಳು ಮತ್ತು ಕಣ್ಣು.

ಪ್ರಶ್ನೆ: ನಾನು ಅಪಾರ್ಟ್‌ಮೆಂಟ್‌ನಲ್ಲಿ ಇದ್ದೇನೆ. ಗುಂಡು ಗೋಡೆ ದಾಟಿ ಪಕ್ಕದ ಮನೆಗೆ ಹೋದರೆ?

ತೋಟಾ ಆರಿಸುವಾಗ ಬೆಂಗಳೂರಿನವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ಅಮೆರಿಕದ ಬರಹಗಳಲ್ಲಿ ಮನೆಯೊಳಗಿನ ಗೋಡೆ ಎಂದರೆ ಎರಡು ಜಿಪ್ಸಮ್ ಹಲಗೆ. ನಮ್ಮಲ್ಲಿ ಹೊರಗೋಡೆಗೆ ಆರು ಅಂಗುಲದ, ಒಳಗೋಡೆಗೆ ನಾಲ್ಕು ಅಂಗುಲದ ಕಾಂಕ್ರೀಟ್ ಇಟ್ಟಿಗೆ, ಮೇಲೆ ಗಾರೆ. .32 ಸೀಸದ ಗುಂಡಿಗೆ ಗಟ್ಟಿ ಇಟ್ಟಿಗೆಯ ಗೋಡೆ ದೊಡ್ಡ ತಡೆ. ಆದರೆ ಗುಂಡು ಗೋಡೆಯನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಮಲಗುವ ಕೋಣೆಯ ಫ್ಲಷ್ ಡೋರ್, ಬಾಲ್ಕನಿಯ ಗಾಜು, ಅಡುಗೆಮನೆಯ ಕಿಟಕಿ, ಈಚಿನ ಕಚೇರಿಗಳ ಜಿಪ್ಸಮ್ ಅಡ್ಡಗೋಡೆ, ಯಾವುದೂ ಗುಂಡನ್ನು ನಿಲ್ಲಿಸುವುದಿಲ್ಲ. ಗ್ರಾನೈಟ್ ನೆಲಕ್ಕೆ ಓರೆಯಾಗಿ ತಗುಲಿದ ಗುಂಡು ಎಲ್ಲಿಗೆ ಚಿಮ್ಮುತ್ತದೆಂದು ಯಾರೂ ಹೇಳಲಾರರು.

ನಾನು ನನ್ನ ಮನೆಯಲ್ಲಿ ಒಂದು ಭಾನುವಾರ ಮಾಡಿದ ಕೆಲಸವನ್ನು ನೀವೂ ಮಾಡಿ. ಆಯುಧವನ್ನು ಬೀರುವಿನಲ್ಲೇ ಬಿಟ್ಟು, ಖಾಲಿ ಕೈಯಲ್ಲಿ ಹಾಸಿಗೆಯ ಪಕ್ಕ ನಿಂತು, ಬಾಗಿಲ ಕಡೆ ಬೆರಳು ತೋರಿಸಿ, ಆ ಗೆರೆಯನ್ನು ಹಿಡಿದು ಮುಂದೆ ನಡೆಯುತ್ತ ಹೋಗಿ. ನನ್ನ ಗೆರೆ ಬಾಗಿಲು, ಹಜಾರ, ಇನ್ನೊಂದು ಬಾಗಿಲು ದಾಟಿ ಮಗಳು ಓದಲು ಕೂರುವ ಮೇಜಿನ ಬಳಿ ಮುಗಿಯಿತು. ಅಂದೇ ಮಂಚದ ದಿಕ್ಕು ಬದಲಾಯಿತು. ಈಗ ಅದೇ ಗೆರೆ ಮೆಟ್ಟಿಲ ಬದಿಯ ಕಾಂಕ್ರೀಟ್ ಗೋಡೆಗೆ ಹೋಗಿ ನಿಲ್ಲುತ್ತದೆ. ಯಾವ ತೋಟಾವೂ ಕೊಡಲಾರದ ಭದ್ರತೆಯನ್ನು ಮಂಚ ಸರಿಸಿದ್ದು ಕೊಟ್ಟಿತು.

ಪ್ರಶ್ನೆ: ಹೊಸ ಡಬ್ಬಿಯ ತೋಟಾವನ್ನು ನಂಬುವುದು ಹೇಗೆ?

ನೋಡಿ, ತುಂಬಿ, ಹಾರಿಸಿ ನಂಬಬೇಕು. ಹಗಲು ಬೆಳಕಿನಲ್ಲಿ ಒಂದೊಂದನ್ನೂ ತಿರುಗಿಸಿ ನೋಡಿ. ಪ್ರೈಮರ್ ತಳದ ಮಟ್ಟಕ್ಕಿಂತ ಮೇಲೆದ್ದಿದ್ದರೆ ಸಿಲಿಂಡರ್ ತಿರುಗುವಾಗ ಉಜ್ಜಿಕೊಂಡು ಬಿಗಿಯುತ್ತದೆ. ಕೋಶದಲ್ಲಿ ತಗ್ಗು ಬಿದ್ದಿದ್ದರೆ, ಗುಂಡು ಅಲುಗುತ್ತಿದ್ದರೆ, ಬಾಯಿಯ ಬಳಿ ಬಿರುಕಿದ್ದರೆ ಬದಿಗಿಡಿ. ಒಂದೇ ತಯಾರಿಕಾ ಕಂತಿನ (ಲಾಟ್) ಸಂಖ್ಯೆ ಇರುವ ಡಬ್ಬಿಗಳನ್ನು ಕೊಂಡು, ಅದರಲ್ಲೇ ಒಂದಿಷ್ಟನ್ನು ಅಧಿಕೃತ ರೇಂಜಿನಲ್ಲಿ ಹಾರಿಸಿ, ಉಳಿದದ್ದನ್ನು ರಕ್ಷಣೆಗೆ ಇಟ್ಟುಕೊಳ್ಳುವುದು ನನ್ನ ಕ್ರಮ.

ಹಗುರ ರಿವಾಲ್ವರ್‌ಗೆ ಇನ್ನೊಂದು ಪರೀಕ್ಷೆ ಬೇಕು. ರೇಂಜಿನಲ್ಲಿ ಐದು ಈಡು ಹಾರಿಸಿ ಆರನೆಯದನ್ನು ಹಾರಿಸದೆ ಹೊರತೆಗೆದು, ಹೊಸ ತೋಟಾದ ಪಕ್ಕ ಇಟ್ಟು ಉದ್ದ ಹೋಲಿಸಿ. ಪ್ರತಿ ಒದೆತಕ್ಕೂ ಗುಂಡು ಕೋಶದಿಂದ ಒಂದಿಷ್ಟಿಷ್ಟೇ ಮುಂದೆ ಜರುಗಬಹುದು. ಹೆಚ್ಚು ಜರುಗಿದರೆ ಸಿಲಿಂಡರ್ ತಿರುಗದೆ ನಿಂತುಬಿಡುತ್ತದೆ. .32ನಲ್ಲಿ ಇದು ಅಪರೂಪವಾದರೂ ಒಮ್ಮೆ ನೋಡಿಕೊಳ್ಳುವುದರಲ್ಲಿ ನಷ್ಟವಿಲ್ಲ.

ಪ್ರಶ್ನೆ: ಕುದುರೆ (ತೋಟಾದ ತಳಕ್ಕೆ ಬಡಿಯುವ ಸುತ್ತಿಗೆ) ಬಿದ್ದರೂ ತೋಟಾ ಸಿಡಿಯದಿದ್ದರೆ ಏನು ಮಾಡಬೇಕು?

ರೇಂಜಿನಲ್ಲಿದ್ದರೆ ನಳಿಗೆಯನ್ನು ಗುರಿಯ ಕಡೆಯೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು, ಏಕೆಂದರೆ ಮದ್ದು ತಡವಾಗಿ ಹತ್ತಿಕೊಳ್ಳಬಹುದು. ಪ್ರಾಣಾಪಾಯದ ಹೊತ್ತಿನಲ್ಲಿ ರಿವಾಲ್ವರ್‌ನ ದೊಡ್ಡ ಅನುಕೂಲವೆಂದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಮುಂದಿನ ತೋಟಾ ತಾನಾಗಿ ಎದುರಿಗೆ ಬರುತ್ತದೆ. ಆದರೆ ಢಂ ಎನ್ನುವ ಬದಲು "ಠುಸ್" ಎಂಬ ಸದ್ದು ಬಂದು ಒದೆತವೇ ಇಲ್ಲದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಒಡೆಯಬಹುದು. ಆ ಸದ್ದಿನ ವ್ಯತ್ಯಾಸವನ್ನು ಕಿವಿಗೆ ಕಲಿಸಿಕೊಳ್ಳಬೇಕು.

ಪ್ರಶ್ನೆ: ತೋಟಾಗಳನ್ನು ಎಲ್ಲಿ, ಹೇಗೆ ಇಡಬೇಕು? ಎಷ್ಟು ದಿನಕ್ಕೆ ಬದಲಿಸಬೇಕು?

ತಂಪಾದ, ಒಣಗಿದ, ಬೀಗ ಹಾಕಿದ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಚರ್ಮದ ಬೆಲ್ಟಿನ ಕುಣಿಕೆಗಳಲ್ಲಿ ತಿಂಗಳುಗಟ್ಟಲೆ ಬಿಡಬೇಡಿ. ಚರ್ಮ ಹದ ಮಾಡಿದ ರಾಸಾಯನಿಕ ಮತ್ತು ಮಳೆಗಾಲದ ತೇವ ಸೇರಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ತೋಟಾ ಚೇಂಬರ್‌ನಲ್ಲಿ ಅಂಟಿಕೊಂಡು ಹೊರಬರಲು ಸತಾಯಿಸುತ್ತದೆ. ಆಯುಧಕ್ಕೆ ಎಣ್ಣೆ ಹಾಕಿದ ಮೇಲೆ ಚೇಂಬರ್‌ಗಳನ್ನು ಒಣ ಬಟ್ಟೆಯಿಂದ ಒರೆಸಿಯೇ ತುಂಬಬೇಕು, ಏಕೆಂದರೆ ತೆಳು ಎಣ್ಣೆ ಪ್ರೈಮರ್‌ನೊಳಗೆ ಇಳಿದು ಅದನ್ನು ಸಾಯಿಸಬಹುದು. ನಾನು ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ವಾರ, ತುಂಬಿಟ್ಟಿದ್ದ ತೋಟಾಗಳನ್ನು ರೇಂಜಿನಲ್ಲಿ ಹಾರಿಸಿ ಹೊಸತನ್ನು ಇಡುತ್ತೇನೆ. ಪೂಜೆಗೆ ಖಾಲಿ ರಿವಾಲ್ವರ್ ಮಾತ್ರ ಇಡುತ್ತೇನೆ. ಕುಂಕುಮ, ಅರಿಶಿನದ ಪುಡಿ ಸಿಲಿಂಡರಿನೊಳಗೆ ಹೋಗದಂತೆ ನೋಡಿಕೊಳ್ಳಲು ಮನೆಯವರೊಂದಿಗೆ ಪ್ರತಿ ವರ್ಷವೂ ಸಣ್ಣ ಚರ್ಚೆಯಾಗುತ್ತದೆ.

ಪ್ರಶ್ನೆ: ಅಭ್ಯಾಸಕ್ಕೆ ಬೇರೆ ತೋಟಾ ಸಾಕಲ್ಲವೇ?

ಕೈಗೆ ಪರಿಚಯವಾಗಲು ಸಾಕು. ಆದರೆ ಗಿಡ್ಡ ನಳಿಗೆಯಲ್ಲಿ ಗುಂಡಿನ ತೂಕ ಬದಲಾದರೆ ಬೀಳುವ ಜಾಗವೂ ಬದಲಾಗುತ್ತದೆ. ಕೆಲವು ಈಡುಗಳನ್ನಾದರೂ ನೀವು ತುಂಬಿಡುವ ತೋಟಾದಿಂದಲೇ, ಐದರಿಂದ ಏಳು ಮೀಟರ್ ದೂರದಿಂದ, ಕುದುರೆಯನ್ನು ಹೆಬ್ಬೆರಳಿನಿಂದ ಎಳೆಯದೆ ನೇರ ಟ್ರಿಗರ್ ಎಳೆತದಲ್ಲಿ ಹಾರಿಸಿ.

ಪ್ರಶ್ನೆ: ನಾಳೆ ಪ್ರಕರಣವಾದರೆ ನಾನು ಆರಿಸಿದ ತೋಟಾದ ಬಗ್ಗೆಯೂ ಪ್ರಶ್ನೆ ಬರುತ್ತದೆಯೇ?

ಬರಬಹುದು. ಆಯುಧ, ಖಾಲಿ ಕೋಶ, ಸಿಕ್ಕ ಗುಂಡು ಎಲ್ಲವೂ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಂಥ ಕಡೆಗೆ ಪರೀಕ್ಷೆಗೆ ಹೋಗುತ್ತವೆ. ಅಂಗಡಿಯ ರಸೀದಿ ಇರುವ, ಕಾರ್ಖಾನೆಯಲ್ಲಿ ತಯಾರಾದ, ಪರವಾನಗಿಯಲ್ಲಿ ನಮೂದಾದ ಬೋರ್‌ನ ತೋಟಾ ಆಗಿದ್ದರೆ ಆ ಒಂದು ಎಳೆಯಲ್ಲಾದರೂ ಗೊಂದಲ ಇರುವುದಿಲ್ಲ.

ದೊಡ್ಡ ಪ್ರಶ್ನೆ ಮಾತ್ರ ಹಾರಿಸಬೇಕಾಗಿತ್ತೇ ಎಂಬುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ರಕ್ಷಣೆಗೆ ಅಗತ್ಯವಿರುವುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ ಎಂದು 37ನೇ ಕಲಮು ಹೇಳುತ್ತದೆ. ನಿರಪರಾಧಿಗೆ ಹಾನಿಯಾಗುವ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಲು 44ನೇ ಕಲಮು ಅವಕಾಶ ಕೊಡುವುದು ಸಾವಿನ ಭಯ ಹುಟ್ಟಿಸುವ ಹಲ್ಲೆಯನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಬೆದರಿಸಲು ಗಾಳಿಯಲ್ಲಿ ಹಾರಿಸುತ್ತೇನೆ, ಕಾಲಿಗೆ ಹೊಡೆಯುತ್ತೇನೆ ಎನ್ನುವವರು ಸಿನಿಮಾ ನೋಡಿ ಮಾತನಾಡುತ್ತಿರುತ್ತಾರೆ. ಮೇಲೆ ಹೋದ ಗುಂಡು ಈ ನಗರದಲ್ಲಿ ಯಾರದೋ ಮಾಳಿಗೆಯ ಮೇಲೆಯೇ ಇಳಿಯುತ್ತದೆ.

ಪ್ರಶ್ನೆ: ಚುನಾವಣೆಯ ಹೊತ್ತಿನಲ್ಲಿ ರಿವಾಲ್ವರ್ ಠೇವಣಿ ಇಡಬೇಕಾದಾಗ ತೋಟಾಗಳನ್ನು ಏನು ಮಾಡಬೇಕು?

ಆದೇಶ ಬಂದಾಗ ಅವನ್ನೂ ಎಣಿಸಿ ಜೊತೆಗೇ ಒಪ್ಪಿಸಿ, ರಸೀದಿಯಲ್ಲಿ ಸಂಖ್ಯೆ ಬರೆಸಿಕೊಳ್ಳಿ. ಹಿಂದೆ ಪಡೆಯುವಾಗ ಮತ್ತೆ ಎಣಿಸಿ, ತಳದ ಮುದ್ರೆಯನ್ನೂ ನೋಡಿ.

ಪ್ರಶ್ನೆ: ತಾತನ ಪೆಟ್ಟಿಗೆಯಲ್ಲಿ ಹಳೆಯ .32 ತೋಟಾಗಳು ಸಿಕ್ಕಿವೆ. ಬಳಸಬಹುದೇ?

ರಕ್ಷಣೆಗೆ ಖಂಡಿತ ಬೇಡ, ಅಭ್ಯಾಸಕ್ಕೂ ಬೇಡ. ಎಷ್ಟು ಬೇಸಿಗೆ, ಎಷ್ಟು ಮಳೆಗಾಲ ಕಂಡಿವೆಯೋ ಗೊತ್ತಿಲ್ಲದ ಮದ್ದು ಠುಸ್ ಎನ್ನುವ ಸಾಧ್ಯತೆ ಹೆಚ್ಚು. ಅಲ್ಲದೆ ನಿಮ್ಮ ಪರವಾನಗಿಯ ಲೆಕ್ಕದಲ್ಲಿಲ್ಲದ ತೋಟಾ ಮನೆಯಲ್ಲಿರುವುದೇ ಕಾನೂನಿನ ತೊಡಕು. ಕಸದ ಗಾಡಿಗೂ ಹಾಕಬೇಡಿ, ಕೆರೆಗೂ ಎಸೆಯಬೇಡಿ. ಸಿಕ್ಕ ಸಂದರ್ಭವನ್ನು ಒಂದು ಹಾಳೆಯಲ್ಲಿ ಬರೆದು ಪೊಲೀಸ್ ಠಾಣೆಗೆ ಒಪ್ಪಿಸಿ, ಸ್ವೀಕೃತಿ ಪಡೆದುಕೊಳ್ಳಿ.